ಹಳೇ ಡೀಸೆಲ್ ಲೋಕೊಗೆ ಹೊಸ ಎಂಜಿನ್ ಕೂರಿಸುವುದು ಹೇಗೆ

ಮೊದಲೇ ಒಂದು ಮಾತು. ನಮ್ಮ ಬಾಯಲ್ಲಿ ಹಳಿ ಮೇಲೆ ಓಡುವ ಇಡೀ ಗಾಡಿಗೇ ‘ಎಂಜಿನ್’ ಅಂತ ಹೆಸರು. ಇಲ್ಲಿ ಹಾಗೇ ಬರೆದರೆ ಗೊಂದಲವಾಗುತ್ತದೆ. ಆದ್ದರಿಂದ ಗಾಡಿಗೆ ಲೋಕೊ ಅಂತಲೂ, ಅದರ ಹೊಟ್ಟೆಯೊಳಗಿನ ಡೀಸೆಲ್ ಯಂತ್ರಕ್ಕೆ ಮಾತ್ರ ಎಂಜಿನ್ ಅಂತಲೂ ಬರೆಯುತ್ತೇನೆ.

ನಲವತ್ತು ಐವತ್ತು ವರ್ಷ ದುಡಿದ ಲೋಕೊದಲ್ಲಿ ಎಲ್ಲವೂ ಒಟ್ಟಿಗೆ ಮುದಿಯಾಗುವುದಿಲ್ಲ. ಅಂಡರ್‌ಫ್ರೇಮು (ಲೋಕೊದ ತಳದ ಚೌಕಟ್ಟು), ಬೋಗಿ (ಇಲ್ಲಿ ಬೋಗಿ ಅಂದರೆ ಪ್ರಯಾಣಿಕರ ಡಬ್ಬಿ ಅಲ್ಲ, ಚಕ್ರಗಳನ್ನು ಹೊತ್ತ ಚೌಕಟ್ಟು) ಎಲ್ಲ ದಪ್ಪ ಉಕ್ಕು, ಚೆನ್ನಾಗಿ ನೋಡಿಕೊಂಡರೆ ಇನ್ನೂ ಮೂವತ್ತು ವರ್ಷ ಬಾಳುತ್ತವೆ. ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟರನ್ನು ಬಿಚ್ಚಿ ಹೊಸ ವೈಂಡಿಂಗ್ ಹಾಕಿದರೆ ಅದೂ ಓಡುತ್ತದೆ. ಮೊದಲು ಸೋಲುವುದು ಎಂಜಿನ್ನು ಮತ್ತು ವೈರಿಂಗು. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಜಾಸ್ತಿ, ಬಿಡಿಭಾಗಕ್ಕೆ ಅಲೆದಾಟ. ಹಾಗಿದ್ದರೆ ಅದನ್ನು ತೆಗೆದು ಹೊಸದನ್ನು ಯಾಕೆ ಕೂರಿಸಬಾರದು, ಅಲ್ವಾ?

ಕೂರಿಸಬಹುದು. ಡೀಸೆಲ್-ಎಲೆಕ್ಟ್ರಿಕ್ ಲೋಕೊದಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಗೇರ್ ಇಲ್ಲ. ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ಕರೆಂಟು ಗಾಲಿಯ ಪಕ್ಕದ ಮೋಟರಿಗೆ ಹೋಗುತ್ತದೆ, ಅಷ್ಟೆ. ಈ ಒಂದು ಗುಣದಿಂದಲೇ ಬೇರೆ ಕಂಪನಿಯ, ಬೇರೆ ಜಾತಿಯ ಎಂಜಿನ್ ಕೂಡ ಹಳೇ ಗಾಡಿಯಲ್ಲಿ ಕೂರುತ್ತದೆ. ಬ್ರಿಟನ್ನಿನಲ್ಲಿ 1998ರಿಂದ ಕ್ಲಾಸ್ 47 ಲೋಕೊಗಳ ಸಲ್ಜರ್ ಎಂಜಿನ್ ತೆಗೆದು ಅಮೆರಿಕದ ಇಎಂಡಿ ಕಂಪನಿಯ 645 ಎಂಜಿನ್ ಹಾಕಿ ಕ್ಲಾಸ್ 57 ಮಾಡಿದರು. ಹಾಗೆ ಹಾಕಿದ ಇಎಂಡಿ ಎಂಜಿನ್‌ಗಳು ರಿಪೇರಿ ಮಾಡಿದ ಹಳೇ ಎಂಜಿನ್‌ಗಳೇ. ನಂಬಿಕಸ್ಥ ಎಂಜಿನ್ ಬೇಕಿತ್ತು, ಅದು ಸಿಕ್ಕಿತು. 2021ರಿಂದ ಕ್ಲಾಸ್ 56 ಲೋಕೊಗಳು ಇಎಂಡಿ 710 ಎಂಜಿನ್ ಹಾಕಿಸಿಕೊಂಡು ಕ್ಲಾಸ್ 69 ಆಗಿ ಹೊರಬಂದವು. ಅಮೆರಿಕದಲ್ಲಿ 1972ರಿಂದ ತಯಾರಾದ ಎಸ್‌ಡಿ40-2 ಲೋಕೊಗಳಿಗೂ ಇಂಥ ಮರುಹುಟ್ಟು ಸಿಕ್ಕಿದೆ.

ಆದರೆ ಈ ಕೆಲಸದಲ್ಲಿ ಎಂಜಿನ್ನೇ ಸುಲಭದ ಭಾಗ. ಅದನ್ನು ಕೊಳ್ಳಬಹುದು, ಕ್ರೇನಿನಲ್ಲಿ ಇಳಿಸಬಹುದು. ಕಷ್ಟವೆಲ್ಲ ಅದರ ಸುತ್ತ ಇರುವ ನೀರು, ಗಾಳಿ, ಶಾಫ್ಟು, ವೈರು, ತೂಕದಲ್ಲಿದೆ. ಹೆಣಗಾಡಿ ನಿಂತುಹೋದ ಕೆಲಸಗಳು ನಿಂತದ್ದು ಬಹುಪಾಲು ಅಲ್ಲೇ. ಆದ್ದರಿಂದ ಈ ಲೇಖನದಲ್ಲಿ ಆ ಸುತ್ತಮುತ್ತಲಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಲೋಕೊ ದಿನವಿಡೀ ಏನು ಮಾಡುತ್ತದೆ ಅಂತ ಅಳೆಯಿರಿ

ಕ್ಯಾಟಲಾಗ್ ಆಮೇಲೆ ತೆರೆಯಿರಿ. ಮೊದಲು ಲೋಕೊದ ಇವೆಂಟ್ ರೆಕಾರ್ಡರಿನಿಂದ ಒಂದು ತಿಂಗಳ ಲೆಕ್ಕ ತೆಗೆಯಿರಿ. ರೆಕಾರ್ಡರ್ ಇಲ್ಲದಿದ್ದರೆ ಥ್ರಾಟಲ್ ವೈರುಗಳಿಗೆ ಒಂದು ಡೇಟಾ ಲಾಗರ್ ಕಟ್ಟಿ. ಯಾವ ನಾಚ್‌ನಲ್ಲಿ (ಥ್ರಾಟಲ್ ಹಿಡಿಕೆಯ ಒಂದೊಂದು ಮೆಟ್ಟಿಲಿಗೆ ನಾಚ್ ಅಂತ ಹೆಸರು) ಎಷ್ಟು ಹೊತ್ತು ಇತ್ತು, ಸುಮ್ನೆ ಐಡ್ಲಿಂಗ್‌ನಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಬೇಕು.

ಹೊಗೆ ಪರೀಕ್ಷೆಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟುಕೊಂಡಿರುವ ಲೆಕ್ಕ ನೋಡಿದರೆ ವಿಷಯ ಅರ್ಥವಾಗುತ್ತದೆ. ಯಾರ್ಡಿನಲ್ಲಿ ಡಬ್ಬಿಗಳನ್ನು ಅತ್ತಿತ್ತ ಸೇರಿಸುವ ಶಂಟಿಂಗ್ ಲೋಕೊ ಶೇ. 59.8ರಷ್ಟು ಹೊತ್ತು ಐಡ್ಲಿಂಗ್‌ನಲ್ಲೇ ಇರುತ್ತದೆ, ಪೂರ್ತಿ ಶಕ್ತಿಯ 8ನೇ ನಾಚ್‌ನಲ್ಲಿ ಇರುವುದು ಬರೀ ಶೇ. 0.8. ದೂರದ ಗೂಡ್ಸ್ ಎಳೆಯುವ ಲೋಕೊ ಕೂಡ ಶೇ. 38ರಷ್ಟು ಹೊತ್ತು ಐಡ್ಲಿಂಗ್, 8ನೇ ನಾಚ್‌ನಲ್ಲಿ ಶೇ. 16.2. ಅಂದರೆ ಎರಡೂ ಬೇರೆಬೇರೆ ಪ್ರಾಣಿಗಳು. ಒಂದಕ್ಕೆ ಒಪ್ಪುವ ಎಂಜಿನ್ ಇನ್ನೊಂದಕ್ಕೆ ಒಪ್ಪಬೇಕು ಅಂತಿಲ್ಲ.

ಇನ್ನೊಂದು ಲೆಕ್ಕ. 16 ಸಿಲಿಂಡರಿನ ಹಳೇ 645 ಎಂಜಿನ್ ಸುಮ್ನೆ ನಿಂತು ಓಡಿದರೂ ಗಂಟೆಗೆ ಸುಮಾರು 20 ಲೀಟರ್ ಡೀಸೆಲ್ ಸುಡುತ್ತದೆ. ದಿನಕ್ಕೆ 12 ಗಂಟೆ ಹಾಗೆ ನಿಂತರೆ 240 ಲೀಟರ್ ಯಾರಿಗೂ ಉಪಯೋಗವಿಲ್ಲದೆ ಹೋಯಿತು. ಹೀಗಿದ್ದರೆ ಕೆಲಸವಿಲ್ಲದಾಗ ಎಂಜಿನ್ ತಾನೇ ನಿಂತು ತಾನೇ ಶುರುವಾಗುವ ಒಂದು ಸಾಧನ ಹಾಕಿದರೂ ಉಳಿತಾಯದ ದೊಡ್ಡ ಪಾಲು ಕೈಗೆ ಬರುತ್ತದೆ. ಈ ಹೆಜ್ಜೆ ಮುಗಿದ ಮೇಲೆ ಎಂಜಿನ್ ಬದಲಿಸುವುದೇ ಬೇಡ ಅನ್ನಿಸಿದರೆ ಅದನ್ನೂ ಒಪ್ಪಿಕೊಳ್ಳಿ.

ಹೆಜ್ಜೆ 2: ಗಾಡಿಗೆ ಆ ಯೋಗ್ಯತೆ ಇದೆಯಾ?

ಬಣ್ಣದ ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಡರ್‌ಫ್ರೇಮಿನ ಬಣ್ಣ, ಎಣ್ಣೆ ಜಿಡ್ಡು ಎಲ್ಲ ತೆಗೆಸಿ, ಮರಳು ಬ್ಲಾಸ್ಟಿಂಗ್ ಮಾಡಿಸಿ ಬರಿ ಉಕ್ಕು ನೋಡಿ. ಬೋಗಿ ಕೂರುವ ಸೆಂಟರ್ ಪ್ಲೇಟಿನ ಸುತ್ತ, ಬೋಲ್ಸ್ಟರ್ (ಬೋಗಿ ಮೇಲೆ ಕೂರುವ ಅಡ್ಡ ತೊಲೆ) ವೆಲ್ಡಿಂಗ್, ಕಪ್ಲರ್ (ಗಾಡಿಗಳನ್ನು ಜೋಡಿಸುವ ಕೊಂಡಿ) ಪಾಕೆಟ್, ಜಾಕ್ ಕೊಡುವ ಜಾಗ, ಇವಿಷ್ಟು ಕಡೆ ಬಿರುಕು ಹುಡುಕಿ. ಮೇಲಿನ ಬಿರುಕಿಗೆ ಮ್ಯಾಗ್ನೆಟಿಕ್ ಪೌಡರ್, ಒಳಗಿನದಕ್ಕೆ ಅಲ್ಟ್ರಾಸೋನಿಕ್. ಬ್ಯಾಟರಿ ಪೆಟ್ಟಿಗೆಯ ಕೆಳಗೆ ಆಸಿಡ್ ತಿಂದಿರುತ್ತದೆ, ಅಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ. ಉದ್ದಕ್ಕೂ ದಾರ ಕಟ್ಟಿ ಫ್ರೇಮು ಜಗ್ಗಿದೆಯಾ ಅಂತ ಅಳೆಯಿರಿ. ಜಗ್ಗಿದ ಫ್ರೇಮಿನ ಮೇಲೆ ಹೊಸ ಎಂಜಿನ್ನಿನ ಶಾಫ್ಟು ನೇರ ನಿಲ್ಲುವುದಿಲ್ಲ.

ವೈರಿಂಗ್‌ಗೆ ನನ್ನ ಪರೀಕ್ಷೆ ಸರಳ. ಎಂಜಿನ್ ಬಿಸಿಗೆ ಹತ್ತಿರ ಇರುವ ಒಂದು ಹಳೇ ವೈರನ್ನು ಬೆರಳಿಗೆ ಸುತ್ತಿ. ಇನ್ಸುಲೇಷನ್ ಚಟಚಟ ಒಡೆದು ಉದುರಿದರೆ ಇಡೀ ಗಾಡಿಯ ವೈರಿಂಗ್ ಕಿತ್ತು ಹಾಕಿ. ಅರ್ಧ ಹಳತು ಅರ್ಧ ಹೊಸದು ಅನ್ನುವ ಉಳಿತಾಯಕ್ಕೆ ಹೋಗಬೇಡಿ. ಆಮೇಲೆ ಹುಡುಕಿದರೂ ಸಿಗದ ತೊಂದರೆಗಳ ತವರು ಅದು.

ಹೆಜ್ಜೆ 3: ಎಂಜಿನ್ ಆರಿಸುವುದು

ದಾರಿ ಮೂರಿವೆ.

ಒಂದು, ಅದೇ ವಂಶದ ಹೊಸ ಎಂಜಿನ್. ಉದಾಹರಣೆಗೆ ಇಎಂಡಿಯ 710 ಎಂಜಿನ್ನು ಹಳೇ 645ರ ತಮ್ಮ ಇದ್ದ ಹಾಗೆ. ಹಳೇ ಜಿಪಿ38-2 ಲೋಕೊದಲ್ಲಿ 2,000 ಎಚ್‌ಪಿ ಕೊಡಲು 645ರ 16 ಸಿಲಿಂಡರ್ ಬೇಕಿತ್ತು. 710ರಲ್ಲಿ ಅಷ್ಟೇ ಶಕ್ತಿಗೆ 8 ಸಿಲಿಂಡರ್ ಸಾಕು. ತಿರುಗುವ ವೇಗ ಹತ್ತಿರಹತ್ತಿರ ಅದೇ, ನಿಮಿಷಕ್ಕೆ 900 ಸುತ್ತು. ಶೆಡ್ಡಿನವರ ಕೈಗೂ ಪರಿಚಯದ ಕೆಲಸ. ಶೆಡ್ಡಿನಲ್ಲಿ ಆ ವಂಶದ ಎಂಜಿನ್ ಆಗಲೇ ಇದ್ದರೆ ನಾನು ಕಣ್ಣುಮುಚ್ಚಿ ಈ ದಾರಿ ಹಿಡಿಯುತ್ತೇನೆ.

ಎರಡು, ವೇಗದ ಎಂಜಿನ್. ಕ್ಯಾಟರ್‌ಪಿಲರ್ 3500, ಎಂಟಿಯು 4000, ಕಮಿನ್ಸ್ ಕ್ಯೂಎಸ್‌ಕೆ ಈ ಗುಂಪಿಗೆ ಸೇರಿದವು. ನಿಮಿಷಕ್ಕೆ 1,500ರಿಂದ 1,800 ಸುತ್ತು. ಗಾತ್ರ ಎಷ್ಟು ಇಳಿಯುತ್ತದೆ ನೋಡಿ. ಎಸ್‌ಡಿ40-2ರ ಹಳೇ ಎಂಜಿನ್ನಿನ 16 ಸಿಲಿಂಡರ್ ಸೇರಿ ಒಳಗಿನ ಗಾತ್ರ ಸುಮಾರು 169 ಲೀಟರ್. ಅದನ್ನೇ ಪಿಆರ್30ಸಿ ಅಂತ ಮಾರ್ಪಡಿಸಿದಾಗ ಹಾಕಿದ ಕ್ಯಾಟರ್‌ಪಿಲರ್ 3516 ಸುಮಾರು 78 ಲೀಟರ್. ಶಕ್ತಿ ಮಾತ್ರ ಎರಡರಲ್ಲೂ 3,000 ಎಚ್‌ಪಿ ಆಸುಪಾಸು. ಹಗುರ, ಚಿಕ್ಕದು, ಹೊಗೆ ಕಡಿಮೆ. ಆದರೆ ವೇಗ ಬದಲಾದ ಕೂಡಲೇ ಆಲ್ಟರ್ನೇಟರ್, ಕಂಪ್ರೆಸರ್, ಬ್ಲೋವರ್ ಎಲ್ಲ ಬದಲಾಗಬೇಕು. ಮುಂದೆ ಹೇಳುತ್ತೇನೆ.

ಮೂರು, ಜೆನ್‌ಸೆಟ್. ಒಂದು ದೊಡ್ಡ ಎಂಜಿನ್ ಬದಲು ಎರಡು ಮೂರು ಚಿಕ್ಕವು. ಬೇಕಾದಷ್ಟು ಮಾತ್ರ ಶುರು ಮಾಡುವುದು. 2005ರ ನಂತರ ಕೆಲವು ವರ್ಷ ಅಮೆರಿಕದಲ್ಲಿ ಇದರ ಅಲೆ ಎದ್ದಿತ್ತು. ಎನ್‌ಆರ್‌ಇ ಕಂಪನಿ 700 ಎಚ್‌ಪಿಯ ಮೂರು ಕಮಿನ್ಸ್ ಎಂಜಿನ್ ಜೋಡಿಸಿ 2,100 ಎಚ್‌ಪಿ ಲೋಕೊ ಮಾಡಿತು. ಕಾಗದದ ಮೇಲೆ ಬಹಳ ಚೆಂದ. ಶೆಡ್ಡಿನಲ್ಲಿ ಮೂರು ಎಂಜಿನ್ ಅಂದರೆ ಮೂರು ರೇಡಿಯೇಟರ್, ಮೂರು ಸ್ಟಾರ್ಟರ್, ಮೂರು ಕಂಪ್ಯೂಟರ್. ಅಲೆ ಬೇಗನೆ ಇಳಿಯಿತು, ಎಷ್ಟೋ ಲೋಕೊಗಳು ಮೂಲೆ ಸೇರಿದವು. ಯಾರ್ಡಿನಲ್ಲಿ ದಿನವಿಡೀ ಸಣ್ಣ ಕೆಲಸ, ಪಕ್ಕದಲ್ಲೇ ಒಳ್ಳೆಯ ವರ್ಕ್‌ಶಾಪು ಇದ್ದರೆ ಮಾತ್ರ ಈ ದಾರಿ ಯೋಚಿಸಿ.

ಇದಕ್ಕಿಂತ ದೊಡ್ಡ ಪಾಠ ಬೇರೆ ಇದೆ. ಬೇರೆಲ್ಲೂ ಹೆಚ್ಚು ಓಡದ ಒಂಟಿ ಜಾತಿಯ ಎಂಜಿನ್ ತರಬೇಡಿ. 1978ರಲ್ಲಿ ಅಮೆರಿಕದ ಸದರ್ನ್ ಪೆಸಿಫಿಕ್ ರೈಲು ಕಂಪನಿಗಾಗಿ ನಾಲ್ಕು ಹಳೇ ಜಿಇ (ಜನರಲ್ ಎಲೆಕ್ಟ್ರಿಕ್) ಲೋಕೊಗಳಿಗೆ ಸಲ್ಜರ್ ಎಂಜಿನ್ ಹಾಕಿದರು. 1980ರ ದಶಕ ಮುಗಿಯುವ ಮೊದಲೇ ಅವು ಸೇವೆಯಿಂದ ಹೊರಬಿದ್ದವು. ಬ್ರಿಟನ್ನಿನ ಎಚ್‌ಎಸ್‌ಟಿ (ಹೈ ಸ್ಪೀಡ್ ಟ್ರೇನ್) ರೈಲುಗಳಲ್ಲೂ ನಾಲ್ಕು ಪವರ್ ಕಾರಿಗೆ (ರೈಲಿನ ತುದಿಯಲ್ಲಿ ಎಂಜಿನ್ ಹೊತ್ತ ಗಾಡಿ) ಮಿರ್ಲೀಸ್ ಎಂಜಿನ್ ಹಾಕಿ ನೋಡಿ, ಆಮೇಲೆ ಅದನ್ನೂ ಬದಲಿಸಿದರು. ಅದೇ ಎಚ್‌ಎಸ್‌ಟಿಗೆ 2005ರಿಂದ ಎಂಟಿಯು 4000 ಬಂತು, ನೂರಕ್ಕೂ ಹೆಚ್ಚು ಪವರ್ ಕಾರುಗಳಲ್ಲಿ ಕೂತಿತು, ವರ್ಷಗಟ್ಟಲೆ ಓಡಿತು. ನಾಲ್ಕೇ ಇದ್ದರೆ ಅದಕ್ಕಾಗಿ ಬಿಡಿಭಾಗ ಯಾರು ಇಟ್ಟುಕೊಳ್ಳುತ್ತಾರೆ, ಅದರ ಕೆಲಸ ಯಾರು ಕಲಿಯುತ್ತಾರೆ? ನಿಮ್ಮ ಬಳಿ ಎರಡೇ ಲೋಕೊ ಇದ್ದರೆ, ಬೇರೆ ಕಡೆ ಸಾವಿರಗಟ್ಟಲೆ ಓಡುತ್ತಿರುವ ಎಂಜಿನ್ ಆರಿಸಿ. ಹಡಗಿನಲ್ಲೋ ಗಣಿಯ ಡಂಪರಿನಲ್ಲೋ ಜನರೇಟರಿನಲ್ಲೋ ಓಡುತ್ತಿದ್ದರೂ ಸರಿ.

ಹೆಜ್ಜೆ 4: ಎಂಜಿನ್ನಿಗೂ ಆಲ್ಟರ್ನೇಟರಿಗೂ ಮದುವೆ

ಹಳೇ ಆಲ್ಟರ್ನೇಟರ್ ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ವೇಗ ಒಂದೇ ಆಗಿದ್ದರೆ ಉಳಿಸಿಕೊಳ್ಳಬಹುದು. ಎಚ್‌ಎಸ್‌ಟಿಯ ಹಳೇ ಪ್ಯಾಕ್ಸ್‌ಮನ್ ಎಂಜಿನ್ನೂ 1,500 ಸುತ್ತು, ಹೊಸ ಎಂಟಿಯು ಕೂಡ 1,500. ಅಲ್ಲಿ ಅದು ದೊಡ್ಡ ಅನುಕೂಲವಾಯಿತು.

ವೇಗ ಬೇರೆ ಆದರೆ ಲೆಕ್ಕವೇ ಬೇರೆ. ಇಎಂಡಿಯ ಎಆರ್10 ಆಲ್ಟರ್ನೇಟರಿಗೆ 10 ಪೋಲು, ಅಂದರೆ ಅಯಸ್ಕಾಂತದ ಧ್ರುವ. ಪೋಲನ್ನು ಸುತ್ತಿನಿಂದ ಗುಣಿಸಿ 120ರಿಂದ ಭಾಗಿಸಿದರೆ ಫ್ರೀಕ್ವೆನ್ಸಿ ಬರುತ್ತದೆ. 900 ಸುತ್ತಿಗೆ 75 ಹರ್ಟ್ಸ್. ಅದನ್ನೇ 1,800ಕ್ಕೆ ಓಡಿಸಿದರೆ 150 ಹರ್ಟ್ಸ್. ಅದಾದರೂ ಇರಲಿ, ಒಳಗೆ ತಿರುಗುವ ರೋಟರಿನ ಮೇಲೆ ಹೊರಗೆ ಎಳೆಯುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 900ಕ್ಕೆ ಕಟ್ಟಿದ ರೋಟರ್ ಅದನ್ನು ತಡೆಯುವುದಿಲ್ಲ. ಆದ್ದರಿಂದ ವೇಗದ ಎಂಜಿನ್ನಿನ ಜೊತೆ ಅದರ ವೇಗಕ್ಕೇ ಮಾಡಿದ ಆಲ್ಟರ್ನೇಟರ್ ತನ್ನಿ, ಎರಡನ್ನೂ ಒಂದೇ ಬೇಸಿನ ಮೇಲೆ ಜೋಡಿಸಿ ಪರೀಕ್ಷಿಸಿ ತಂದರೆ ಇನ್ನೂ ಒಳ್ಳೆಯದು.

ಬೇರಿಂಗ್ ವಿಷಯ ಮರೆಯಬೇಡಿ. ಹಳೇ ಇಎಂಡಿ ಆಲ್ಟರ್ನೇಟರಿಗೆ ಒಂದೇ ಬೇರಿಂಗ್. ರೋಟರಿನ ಇನ್ನೊಂದು ತುದಿಯನ್ನು ಹೊರುವುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟೇ. ಹೊಸ ಎಂಜಿನ್ ಆ ತೂಕ ಹೊರುತ್ತದೆಯಾ ಅಂತ ತಯಾರಕರ ಬಳಿ ಬರವಣಿಗೆಯಲ್ಲಿ ಕೇಳಿ. ಜೊತೆಗೆ ಟಾರ್ಷನಲ್ ವೈಬ್ರೇಷನ್ ಲೆಕ್ಕ ಮಾಡಿಸಿ. ಪ್ರತಿ ಸಿಲಿಂಡರ್ ಉರಿದಾಗಲೂ ಶಾಫ್ಟು ಒಂದಿಷ್ಟು ತಿರುಚಿ ವಾಪಸ್ ಬರುತ್ತದೆ. ಆ ತಿರುಚು ಶಾಫ್ಟಿನ ಸ್ವಂತ ತಾಳಕ್ಕೆ ಯಾವುದಾದರೂ ನಾಚ್‌ನಲ್ಲಿ ಕೂಡಿಬಿಟ್ಟರೆ ಎರಡು ಶಾಫ್ಟುಗಳನ್ನು ಸೇರಿಸುವ ಕಪ್ಲಿಂಗ್ ಕೆಲವೇ ತಿಂಗಳಲ್ಲಿ ಮುರಿಯುತ್ತದೆ. ಕಾರ್ಖಾನೆಯ ಜನರೇಟರ್ ಒಂದೇ ವೇಗದಲ್ಲಿ ಓಡುತ್ತದೆ. ಲೋಕೊ ಎಂಟು ನಾಚ್‌ಗಳಲ್ಲಿ, ಅವುಗಳ ನಡುವೆ ಏರುತ್ತಾ ಇಳಿಯುತ್ತಾ ಓಡುತ್ತದೆ. ಆದ್ದರಿಂದ ಜನರೇಟರಿಗೆ ಮಾಡಿದ ಲೆಕ್ಕ ಇಲ್ಲಿಗೆ ಸಾಲದು.

ಅಲೈನ್‌ಮೆಂಟ್ ಮಾಡುವಾಗ ಡಯಲ್ ಗೇಜನ್ನು ಕಪ್ಲಿಂಗ್ ಮೇಲೆ ಕೂರಿಸಿ, ಶಾಫ್ಟನ್ನು ಬಾರ್ ಹಾಕಿ ನಿಧಾನ ತಿರುಗಿಸಿ, ಗಡಿಯಾರದ 12, 3, 6, 9ರ ಜಾಗದಲ್ಲಿ ಓದಿ ಬರೆದುಕೊಳ್ಳುತ್ತೀರಿ. ಇದನ್ನು ಲೋಕೊ ಜಾಕ್ ಮೇಲೆ ನಿಂತಿರುವಾಗ ಮಾಡಿ ಮುಗಿಸಬೇಡಿ. ಬೋಗಿಯ ಮೇಲೆ ಇಳಿಸಿದಾಗ ಫ್ರೇಮಿನ ಬಾಗು ಬದಲಾಗುತ್ತದೆ. ದೊಡ್ಡ ಲೋಕೊದ ಟ್ಯಾಂಕಿನಲ್ಲಿ 15,000 ಲೀಟರ್ ಡೀಸೆಲ್ ಅಂದರೆ 12 ಟನ್ನಿಗೂ ಜಾಸ್ತಿ ತೂಕ, ಅದು ತುಂಬಿದಾಗ ಮತ್ತೆ ಬದಲಾಗುತ್ತದೆ. ಬೋಗಿ ಮೇಲೆ ಇಳಿಸಿ, ಟ್ಯಾಂಕ್ ತುಂಬಿಸಿ, ಆಮೇಲೆ ಕೊನೆಯ ಓದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್ನೊಮ್ಮೆ.

ಹೆಜ್ಜೆ 5: ತೂಕ

ಹಗುರ ಎಂಜಿನ್ ಬಂತು ಅಂತ ಖುಷಿಪಡುವ ಮೊದಲು ಇದನ್ನು ಓದಿ. ಲೋಕೊ ಎಳೆಯುವುದು ಅದರ ತೂಕದಿಂದ. ಚಕ್ರ ಹಳಿಯನ್ನು ಕಚ್ಚಿ ಹಿಡಿಯುವುದೇ ತೂಕದ ಬಲದಿಂದ. ಎಸ್‌ಡಿ40-2ರ ತೂಕ ಸುಮಾರು 167 ಟನ್, ಅದರಲ್ಲಿ ಹಳೇ ಎಂಜಿನ್ನೇ 16 ಟನ್ ಆಸುಪಾಸು. ವೇಗದ ಎಂಜಿನ್ ಅದರ ಅರ್ಧ ತೂಗುತ್ತದೆ ಅಂದುಕೊಳ್ಳಿ, 8 ಟನ್ ಹೋಯಿತು. ಹಿಡಿತ ತೂಕದ ಶೇ. 20 ಅಂತ ಹಿಡಿದರೆ 1.6 ಟನ್ ಎಳೆತ ಕಡಿಮೆಯಾಯಿತು. ನೂರಕ್ಕೆ ಒಂದರ ಏರಿನಲ್ಲಿ ನಿಂತ ರೈಲನ್ನು ಹೊರಡಿಸಲು ಪ್ರತಿ ಟನ್ನಿಗೆ ಸುಮಾರು 15 ಕೆಜಿ ಎಳೆತ ಬೇಕು. ಅಂದರೆ ಈ ಲೋಕೊ ಇನ್ನು ಮುಂದೆ ಸುಮಾರು ನೂರು ಟನ್ ಕಡಿಮೆ ಹೊರಡಿಸುತ್ತದೆ. ಎಚ್‌ಪಿ ಅಷ್ಟೇ ಇದ್ದರೂ!

ಆದ್ದರಿಂದ ಕಳೆದ ತೂಕವನ್ನು ಉಕ್ಕಿನ ದಪ್ಪ ಹಲಗೆಗಳಾಗಿ ಫ್ರೇಮಿಗೆ ವಾಪಸ್ ಸೇರಿಸಿ. ಎಲ್ಲೋ ಒಂದು ಕಡೆ ಸುರಿಯಬೇಡಿ, ಎರಡೂ ಬೋಗಿಗೆ, ಎಡಬಲಕ್ಕೆ ಸಮವಾಗಿ ಹಂಚಿ. ಕೊನೆಗೆ ಪ್ರತಿ ಚಕ್ರದ ಕೆಳಗೂ ತೂಕ ನೋಡಿ. ಚಕ್ರ ಜಾರುವುದನ್ನು ಹಿಡಿಯುವ ಹೊಸ ಕಂಪ್ಯೂಟರ್ ಕಂಟ್ರೋಲ್ ಹಾಕಿಸುವುದಾದರೆ ಈ ಹಂತದಲ್ಲೇ ಹಾಕಿಸಿ. ಅದರ ಲಾಭ ಕೆಲವು ಕಡೆ ಎಂಜಿನ್ನಿನ ಲಾಭಕ್ಕಿಂತ ಜಾಸ್ತಿ.

ಹೆಜ್ಜೆ 6: ನೀರು

ಹಳೇ ಇಎಂಡಿ ಎಂಜಿನ್ ಆಂಟಿಫ್ರೀಜ್ ಇಲ್ಲದ ನೀರಿನಲ್ಲೇ ಓಡುತ್ತದೆ, ತುಕ್ಕು ಹಿಡಿಯದ ಹಾಗೆ ಒಂದಿಷ್ಟು ರಾಸಾಯನಿಕ ಮಾತ್ರ ಬೆರೆಸುತ್ತಾರೆ. ಅದಕ್ಕೇ ಹಿಮ ಬೀಳುವ ಕಡೆ ರಾತ್ರಿಯಿಡೀ ಎಂಜಿನ್ ಓಡಿಸಿಯೇ ಇಡುತ್ತಾರೆ, ನಿಲ್ಲಿಸಿದರೆ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತದೆ. ಮೊದಲ ಹೆಜ್ಜೆಯಲ್ಲಿ ಹೇಳಿದ ಐಡ್ಲಿಂಗ್ ಲೆಕ್ಕದ ಒಂದು ಪಾಲು ಇದೇ. ಹೊಸ ಎಂಜಿನ್ನಿಗೆ ಆಂಟಿಫ್ರೀಜ್ ಬೆರೆಸಿದ ಕೂಲೆಂಟ್, ಆದ್ದರಿಂದ ಚಳಿಯಲ್ಲೂ ನಿಲ್ಲಿಸಬಹುದು. ಆದರೆ ಆಂಟಿಫ್ರೀಜ್ ಸೇರಿದ ನೀರು ಬರಿ ನೀರಿನಷ್ಟು ಶಾಖ ಹೊರುವುದಿಲ್ಲ. ಹಳೇ ರೇಡಿಯೇಟರ್ ಹಾಗೇ ಇಟ್ಟರೆ ಸಾಲದೇ ಹೋಗಬಹುದು.

ಇನ್ನೂ ಒಂದಿದೆ. ಹೊಸ ಎಂಜಿನ್ನಿನಲ್ಲಿ ಸಿಲಿಂಡರಿನ ನೀರು ಬೇರೆ, ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ನೀರು ಬೇರೆ. ಎರಡನೆಯದು ಮೊದಲನೆಯದಕ್ಕಿಂತ ತುಂಬ ತಣ್ಣಗಿರಬೇಕು. ಗಾಳಿ ತಣ್ಣಗಾಗದಿದ್ದರೆ ಹೊಗೆಯ ಲೆಕ್ಕವೂ ತಪ್ಪುತ್ತದೆ, ಎಂಜಿನ್ ಕಂಪ್ಯೂಟರ್ ತಾನೇ ಶಕ್ತಿ ಇಳಿಸಿಬಿಡುತ್ತದೆ. ಚಾಲಕನಿಗೆ ಕಾಣುವುದು ಇಷ್ಟೇ: ಮಧ್ಯಾಹ್ನದ ಬಿಸಿಲಲ್ಲಿ, ಏರಿನಲ್ಲಿ, ಲೋಕೊ ಯಾಕೋ ಸುಸ್ತಾಯಿತು. ಆಗ ಎಲ್ಲರೂ ಎಂಜಿನ್ನನ್ನು ದೂರುತ್ತಾರೆ. ಆದ್ದರಿಂದ ಎರಡು ಸರ್ಕ್ಯೂಟಿನ ಹೊಸ ರೇಡಿಯೇಟರ್, ವೇಗ ಬದಲಿಸಬಲ್ಲ ಎಲೆಕ್ಟ್ರಿಕ್ ಫ್ಯಾನ್, ಇವಕ್ಕೆ ದುಡ್ಡು ತೆಗೆದಿಡಿ. ಲೆಕ್ಕ ಮಾಡುವಾಗ ವರ್ಷದ ಸರಾಸರಿ ಬಿಸಿ ಬೇಡ, ಅತಿ ಹೆಚ್ಚಿನ ಬಿಸಿ ಹಿಡಿಯಿರಿ. ಸುರಂಗದಲ್ಲಿ ಮುಂದಿನ ಲೋಕೊದ ಬಿಸಿಗಾಳಿಯನ್ನೇ ಹಿಂದಿನದು ಉಸಿರಾಡುತ್ತದೆ, ಅದನ್ನೂ ಸೇರಿಸಿ.

ಹೆಜ್ಜೆ 7: ವೈರು, ವೋಲ್ಟು, ಬಾಡಿ

ಇಲ್ಲಿ ನಿಧಾನವಾಗಿ ಓದಿ. ನಾನು ಪೆಟ್ಟು ತಿಂದದ್ದು ಇಲ್ಲೇ.

ಅಮೆರಿಕದ ಮಾದರಿಯ ಹಳೇ ಲೋಕೊದ ಬ್ಯಾಟರಿ 64 ವೋಲ್ಟು, ಎಂಜಿನ್ ಓಡುವಾಗ ಚಾರ್ಜಿಂಗ್ 74 ವೋಲ್ಟು. ಹೊಸ ಎಂಜಿನ್ನಿನ ಕಂಪ್ಯೂಟರ್ ಕೇಳುವುದು 24 ವೋಲ್ಟು. ಆಗ ಯಾರೋ ಒಬ್ಬರು ಬುದ್ಧಿವಂತಿಕೆ ಹೇಳುತ್ತಾರೆ: ಬ್ಯಾಟರಿ ಸಾಲಿನ ನಡುವಿಂದ 24 ವೋಲ್ಟು ಎಳೆದುಕೊಂಡರಾಯಿತು, ಬಿಡಿ. ಬೇಡವೇ ಬೇಡ. ಆ ಕೆಲವೇ ಸೆಲ್ಲುಗಳು ಜಾಸ್ತಿ ಖಾಲಿಯಾಗಿ ಬೇಗ ಸಾಯುತ್ತವೆ, ಉಳಿದವು ಜಾಸ್ತಿ ಚಾರ್ಜಾಗಿ ಕುದಿಯುತ್ತವೆ. 74ನ್ನು 24 ಮಾಡುವ ಕನ್ವರ್ಟರ್ ಹಾಕಿ.

ಆ ಕನ್ವರ್ಟರ್ ಕೂಡ ಐಸೊಲೇಟೆಡ್ ಆಗಿರಬೇಕು. ಲಾರಿಯಲ್ಲಿ, ಜನರೇಟರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುತ್ತದೆ. ಲೋಕೊದಲ್ಲಿ ಹಾಗಲ್ಲ, ನೆಗೆಟಿವ್ ವೈರು ಬಾಡಿಗೆ ಎಲ್ಲೂ ತಾಗಬಾರದು. ಬಾಡಿ ಬೇರೆ, ಸರ್ಕ್ಯೂಟ್ ಬೇರೆ. ನಾನು ಕೆಲಸ ಮಾಡಿದ ಒಂದು ಲೋಕೊದಲ್ಲಿ ಹೊಸ ಎಂಜಿನ್ ಕೂತ ಮೊದಲ ವಾರದಿಂದಲೇ ಎಲ್ಲೋ ಅರ್ತ್ ಆಗುತ್ತಿತ್ತು, ಅಂದರೆ ಕರೆಂಟು ಬಾಡಿಗೆ ಸೋರುತ್ತಿತ್ತು. ದಿನಕ್ಕೊಮ್ಮೆ ಬರುತ್ತಿತ್ತು, ಹೋಗುತ್ತಿತ್ತು. ನಾಲ್ಕು ದಿನ ಟಾರ್ಚ್ ಹಿಡಿದು ಡಕ್ಟಿನೊಳಗೆ ತೆವಳಿದೆವು, ಟ್ರಾಕ್ಷನ್ ಮೋಟರಿನ ಕೇಬಲ್ ಒಂದೊಂದಾಗಿ ಬಿಚ್ಚಿದೆವು. ಕೊನೆಗೆ ಸಿಕ್ಕಿದ್ದು ಆಯಿಲ್ ಪ್ರೆಶರ್ ಸೆನ್ಸರ್. ಹೆಬ್ಬೆರಳಿನಷ್ಟು ದಪ್ಪ. ಅದರ ನೆಗೆಟಿವ್ ವೈರು ಅದರ ಹಿತ್ತಾಳೆಯ ಮೈಯೇ, ಆ ಮೈ ಬ್ಲಾಕಿಗೆ ಕಚ್ಚಿ ಕೂತಿತ್ತು. ಎಂಜಿನ್ನಿನ ತಯಾರಕರ ತಪ್ಪೇನೂ ಅಲ್ಲ, ಅವರ ಲೋಕದಲ್ಲಿ ಅದೇ ಸರಿ. ನಾವು ಕೊಳ್ಳುವಾಗಲೇ ಎರಡು ವೈರಿನ ಸೆನ್ಸರ್, ಐಸೊಲೇಟೆಡ್ ಸ್ಟಾರ್ಟರ್ ಕೇಳಬೇಕಿತ್ತು. ನೀವು ಕೇಳಿ.

ಮೆಗ್ಗರ್ ವಿಷಯ ಕೆಂಪು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಹಳೇ ಲೋಕೊದಲ್ಲಿ ಇನ್ಸುಲೇಷನ್ ನೋಡಲು 500 ಅಥವಾ 1,000 ವೋಲ್ಟಿನ ಮೆಗ್ಗರ್ ಹಚ್ಚುವುದು ದಿನನಿತ್ಯದ ಕೆಲಸ. ಎಂಜಿನ್ ಕಂಪ್ಯೂಟರಿನ ಪ್ಲಗ್ ಕಳಚದೆ ಅದನ್ನು ಮಾಡಿದರೆ ಒಂದೇ ಸೆಕೆಂಡಿನಲ್ಲಿ ಕಂಪ್ಯೂಟರ್ ಸುಟ್ಟುಹೋಗುತ್ತದೆ. ವೆಲ್ಡಿಂಗಿಗೂ ಇದೇ ಮಾತು. ಪ್ಲಗ್ ಕಳಚಿ, ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಜಾಗದಿಂದ ಒಂದಡಿಯೊಳಗೇ ಹಾಕಿ. ಸೆನ್ಸರ್ ಕೇಬಲ್‌ಗಳನ್ನು ಟ್ರಾಕ್ಷನ್ ಮೋಟರಿನ ಕೇಬಲ್ ಜೊತೆ ಒಂದೇ ಡಕ್ಟಿನಲ್ಲಿ ಎಳೆಯಬೇಡಿ.

ನಾಚ್ ಸಿಗ್ನಲ್ಲು ಕೊನೆಯದು. ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಹಳೇ ಗವರ್ನರಿನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ಸೊಲೆನಾಯ್ಡ್ (ಕರೆಂಟು ಕೊಟ್ಟರೆ ಎಳೆಯುವ ಸುರುಳಿ). ಯಾವುದು ಆನ್, ಯಾವುದು ಆಫ್ ಅನ್ನುವ ಜೋಡಣೆಯಿಂದ ಎಂಟು ವೇಗ. ಉದಾಹರಣೆಗೆ 8ನೇ ನಾಚ್ ಅಂದರೆ ಎ, ಬಿ, ಸಿ ಮೂರೂ ಆನ್. ಬರೀ ಡಿ ಆನ್ ಆದರೆ ಎಂಜಿನ್ ಸ್ಟಾಪ್. ಹೊಸ ಎಂಜಿನ್ನಿಗೆ ಈ ಭಾಷೆ ಬಾರದು, ನಡುವೆ ಒಂದು ಕಂಟ್ರೋಲರ್ ಕೂತು ಅನುವಾದ ಮಾಡಬೇಕು. ಈ ವೈರುಗಳು ಜಂಪರ್ ಕೇಬಲ್ ಮೂಲಕ ಪಕ್ಕದ ಲೋಕೊಗೂ ಹೋಗುತ್ತವೆ. ಆದ್ದರಿಂದ ಹಳೇ ಲೋಕೊ ಜೊತೆ ಕಟ್ಟಿ ಓಡಿಸಿ ನೋಡದೆ ಕೆಲಸ ಮುಗಿಯಿತು ಅನ್ನಬೇಡಿ. ಹೊಸದು ಬೇಗ ಎಳೆಯಲು ಶುರು ಮಾಡಿ ಹಳೆಯದು ನಿಧಾನಿಸಿದರೆ ಕಪ್ಲರಿನಲ್ಲಿ ಜಗ್ಗಾಟ ಶುರು. ಹೊಸದರ ಲೋಡ್ ಏರುವ ವೇಗವನ್ನು ಹಳೆಯದಕ್ಕೆ ಹೊಂದುವ ಹಾಗೆ ಇಳಿಸಿಡಿ.

ಹೆಜ್ಜೆ 8: ಉಳಿದ ಯಂತ್ರಗಳು

ಹಳೇ ಲೋಕೊದಲ್ಲಿ ಬ್ರೇಕಿನ ಏರ್ ಕಂಪ್ರೆಸರ್, ಮೋಟರನ್ನು ತಂಪಿಡುವ ಬ್ಲೋವರ್ ಎಲ್ಲ ಎಂಜಿನ್ ಶಾಫ್ಟಿನಿಂದಲೇ ತಿರುಗುತ್ತಿದ್ದವು. ಹೊಸ ಎಂಜಿನ್ನಿನ ವೇಗ, ಎತ್ತರ ಎರಡೂ ಬೇರೆ. ಗೇರು, ಬೆಲ್ಟು ಅಂತ ಸರ್ಕಸ್ ಮಾಡುವ ಬದಲು ಎಲೆಕ್ಟ್ರಿಕ್ ಮೋಟರಿನ ಸ್ಕ್ರೂ ಕಂಪ್ರೆಸರ್, ಎಲೆಕ್ಟ್ರಿಕ್ ಬ್ಲೋವರ್ ಹಾಕಿಬಿಡಿ. ಇವಕ್ಕೆ ಬೇಕಾದ ಕರೆಂಟಿನ ಲೆಕ್ಕವನ್ನು ಆಲ್ಟರ್ನೇಟರ್ ಆರ್ಡರ್ ಮಾಡುವಾಗಲೇ ಕೊಡಿ.

ಹೆಜ್ಜೆ 9: ಡೀಸೆಲ್, ಆಯಿಲ್

ಹಳೇ ಇಂಜೆಕ್ಟರ್ ಒಂದಿಷ್ಟು ಕಸ ಸಹಿಸುತ್ತಿತ್ತು. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ) ಎಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ 1,500 ಬಾರ್ (ಒತ್ತಡದ ಅಳತೆ) ಮೀರುತ್ತದೆ, ಕಣ್ಣಿಗೆ ಕಾಣದ ಧೂಳೂ ಅಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ನಲವತ್ತು ವರ್ಷದ ಟ್ಯಾಂಕಿನ ತಳದಲ್ಲಿ ಏನಿರುತ್ತದೆ ಅಂತ ಮುಚ್ಚಳ ತೆಗೆದು ಒಮ್ಮೆ ಕೈ ಹಾಕಿ ನೋಡಿ. ಮಡ್ಡಿ, ತುಕ್ಕು, ನೀರು. ಟ್ಯಾಂಕ್ ಪೂರ್ತಿ ತೊಳೆದು, ಎರಡು ಹಂತದ ಫಿಲ್ಟರು, ನೀರು ಬೇರ್ಪಡಿಸುವ ಬಟ್ಟಲು ಹಾಕಿ. ವಾಪಸ್ ಬರುವ ಡೀಸೆಲ್ ಬಿಸಿ ಇರುತ್ತದೆ, ಅದಕ್ಕೊಂದು ಕೂಲರ್.

ಆಯಿಲ್ ವಿಷಯದಲ್ಲಿ ಬೆರಕೆ ಬೇಡ. ಇಎಂಡಿ ಎಂಜಿನ್ನಿನ ಪಿಸ್ಟನ್ ಪಿನ್ ಬೇರಿಂಗಿನಲ್ಲಿ ಬೆಳ್ಳಿಯ ಲೇಪ ಇರುತ್ತದೆ. ಸಾಮಾನ್ಯ ಎಂಜಿನ್ ಆಯಿಲಿನಲ್ಲಿರುವ ಜಿಂಕ್ ಅದನ್ನು ತಿನ್ನುತ್ತದೆ. ಆದ್ದರಿಂದ ಅದಕ್ಕೆ ಜಿಂಕ್ ಇಲ್ಲದ ಆಯಿಲ್ಲೇ ಬೇಕು. ಶೆಡ್ಡಿನಲ್ಲಿ ಎರಡೂ ಜಾತಿಯ ಲೋಕೊ ಇದ್ದರೆ ಎರಡು ಬ್ಯಾರೆಲ್, ಎರಡು ಬಣ್ಣ, ಎರಡು ಬೇರೆ ಅಳತೆಯ ನಾಜಲ್ ಇಡಿ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲೂ ತಪ್ಪು ನಾಜಲ್ ಕೂರಬಾರದು.

ಹೆಜ್ಜೆ 10: ಹೊಗೆಯ ನಿಯಮ

ನಿಮ್ಮ ದೇಶದ ನಿಯಮವನ್ನು ಎಂಜಿನ್ ಕೊಳ್ಳುವ ಮೊದಲೇ ಓದಿ. ಅಮೆರಿಕದಲ್ಲಿ 2015ರಿಂದ ಹೊಸ ಲೋಕೊಗೆ ಟಿಯರ್ 4 ಮಿತಿ. ನೈಟ್ರೋಜನ್ ಆಕ್ಸೈಡು ಪ್ರತಿ ಎಚ್‌ಪಿ-ಗಂಟೆಗೆ 1.3 ಗ್ರಾಂ ದಾಟುವಂತಿಲ್ಲ. ಮಿತಿಯೇ ಇಲ್ಲದ ಕಾಲದ ಗೂಡ್ಸ್ ಲೋಕೊ 13 ಗ್ರಾಂ ಆಸುಪಾಸು ಬಿಡುತ್ತಿತ್ತು. ಮತ್ತೆ ಕಟ್ಟಿದ ಲೋಕೊಗೆ ಯಾವ ಮಿತಿ ಅನ್ನುವುದು ಹಳೇ ಭಾಗ ಎಷ್ಟು ಉಳಿಯಿತು ಅನ್ನುವುದರ ಮೇಲೆ ನಿಂತಿದೆ. ಬೆಲೆಯ ಲೆಕ್ಕದಲ್ಲಿ ಹಳೇ ಭಾಗ ಶೇ. 25ಕ್ಕಿಂತ ಕಡಿಮೆಯಾದರೆ ಅಲ್ಲಿ ಅದು ಹೊಸ ಲೋಕೊ ಅಂತಲೇ ಎಣಿಕೆ. ಏನೇನು ಉಳಿಸಿದಿರಿ ಅಂತ ಪಟ್ಟಿ, ಬೆಲೆ ಎಲ್ಲ ಮೊದಲ ದಿನದಿಂದ ಬರೆದಿಡಿ. ಹೊಗೆ ಶುದ್ಧ ಮಾಡಲು ಯೂರಿಯಾ ಬಳಸುವ ಎಂಜಿನ್ ಆದರೆ ಅದರ ಟ್ಯಾಂಕಿಗೆ ಜಾಗ, ತುಂಬಿಸುವ ವ್ಯವಸ್ಥೆ ಎರಡೂ ಬೇಕು.

ಹೆಜ್ಜೆ 11: ಶುರು ಮಾಡುವ ದಿನ ಮತ್ತು ಆಮೇಲಿನ ತಿಂಗಳುಗಳು

ಕೀ ತಿರುಗಿಸುವ ಮೊದಲು ಆಯಿಲ್ ಪಂಪಿನಿಂದ ಎಲ್ಲ ಬೇರಿಂಗಿಗೂ ಆಯಿಲ್ ತಲುಪಿಸಿ. ಶಾಫ್ಟನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯಬಾರದು. ನೀರಿನ ಪೈಪಿಗೆ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಗೇಜು ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಎಂಜಿನ್ ಶುರುವಾದ ಕೂಡಲೇ ಎಮರ್ಜೆನ್ಸಿ ಸ್ಟಾಪ್ ಒತ್ತಿ ನಿಲ್ಲುತ್ತದೆಯಾ ನೋಡಿ, ಓವರ್‌ಸ್ಪೀಡ್ ಟ್ರಿಪ್ ಕೂಡ ಪರೀಕ್ಷಿಸಿ. ಸಂಭ್ರಮ ಆಮೇಲೆ.

ನಂತರ ಲೋಡ್ ಬಾಕ್ಸ್. ಆಲ್ಟರ್ನೇಟರಿನ ಕರೆಂಟನ್ನು ಮೋಟರಿಗೆ ಕೊಡದೆ ದೊಡ್ಡ ರೆಸಿಸ್ಟರ್‌ಗಳಲ್ಲಿ ಸುಡುವುದು. ಡೈನಮಿಕ್ ಬ್ರೇಕ್ (ಮೋಟರನ್ನೇ ಜನರೇಟರ್ ಮಾಡಿ ವೇಗ ಇಳಿಸುವ ವ್ಯವಸ್ಥೆ) ಇರುವ ಎಷ್ಟೋ ಲೋಕೊಗಳು ತಮ್ಮ ರೆಸಿಸ್ಟರ್ ಗ್ರಿಡ್ಡಿನಲ್ಲೇ ಇದನ್ನು ಮಾಡಬಲ್ಲವು. ಒಂದೊಂದೇ ನಾಚ್ ಏರಿಸಿ, ಪ್ರತಿ ನಾಚ್‌ನಲ್ಲೂ ತಾಪಮಾನ ಏರುವುದು ನಿಲ್ಲುವವರೆಗೆ ಕಾಯಿರಿ. 3,000 ಎಚ್‌ಪಿ ಅಂದರೆ ಸುಮಾರು 2,237 ಕಿಲೊವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಎಷ್ಟು ಬಂತು, ನಡುವೆ ಎಷ್ಟು ಹೋಯಿತು ಅಂತ ನೀವೇ ಲೆಕ್ಕ ಹಾಕಿ, ಪರದೆಯ ಅಂಕಿಯನ್ನು ಸುಮ್ನೆ ನಂಬಬೇಡಿ. ಪ್ರತಿ ಸಿಲಿಂಡರಿನ ಹೊಗೆಯ ಬಿಸಿ ಬರೆದಿಡಿ. 8ನೇ ನಾಚ್‌ನಲ್ಲಿ ಕೆಲವು ಗಂಟೆ ಬಿಡಿ, ಸಾಧ್ಯವಾದರೆ ಬಿಸಿಲಿನ ದಿನವೇ.

ಆಮೇಲೆ ಒಂಟಿ ಲೋಕೊ ಓಟ, ಆಮೇಲೆ ಲೋಡು ಕಟ್ಟಿ ಏರಿನಲ್ಲಿ. ಚಾಲಕರನ್ನು ಈ ಓಟಗಳಲ್ಲೇ ಕೂರಿಸಿಕೊಳ್ಳಿ. ಹೊಸ ಎಂಜಿನ್ನಿನ ಸದ್ದು ಬೇರೆ, ಹಳೇ ಎಂಜಿನ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದವರಿಗೆ ಮೊದಲು ಕೈಕಟ್ಟಿದ ಹಾಗೆ ಅನ್ನಿಸುತ್ತದೆ. ಅವರು ಹೇಳುವ ಸಣ್ಣ ಮಾತನ್ನೂ ಬರೆದುಕೊಳ್ಳಿ. ‘ಐದನೇ ನಾಚ್‌ನಲ್ಲಿ ಕಾಲಿಗೆ ನಡುಕ ಬರುತ್ತೆ ಸಾರ್’ ಅಂತ ಒಬ್ಬರು ಹೇಳಿದರೆ ಅದು ನಾಲ್ಕನೇ ಹೆಜ್ಜೆಯ ಟಾರ್ಷನಲ್ ಲೆಕ್ಕವನ್ನು ಮತ್ತೆ ತೆಗೆಯಬೇಕಾದ ಸೂಚನೆ ಇರಬಹುದು.

ಮೊದಲ ಮೂರು ತಿಂಗಳು ಆಯಿಲ್ ಸ್ಯಾಂಪಲ್‌ಗಳನ್ನು ಮಾಮೂಲಿಗಿಂತ ಹತ್ತಿರಹತ್ತಿರ ಲ್ಯಾಬಿಗೆ ಕಳಿಸಿ. ತಾಮ್ರ, ಸೀಸ, ಕಬ್ಬಿಣ ಏರುತ್ತಿದೆಯಾ, ಕೂಲೆಂಟ್ ಸೇರಿದೆಯಾ ಅಂತ ನೋಡಿ. ಇಂಜೆಕ್ಟರ್, ವಾಟರ್ ಪಂಪ್, ಸ್ಟಾರ್ಟರ್, ಸೆನ್ಸರ್, ಒಂದು ಎಂಜಿನ್ ಕಂಪ್ಯೂಟರ್, ಇವಿಷ್ಟನ್ನು ಲೋಕೊ ಹೊರಡುವ ಮೊದಲೇ ಶೆಡ್ಡಿನ ಕಪಾಟಿನಲ್ಲಿ ಇಟ್ಟಿರಿ. ಮತ್ತೆ ತೆಗೆದ ಹಳೇ ಎಂಜಿನ್ನನ್ನು ಕೂಡಲೇ ಗುಜರಿಗೆ ಹಾಕಬೇಡಿ, ಅದರ ಸಿಲಿಂಡರ್ ಹೆಡ್ಡು, ಟರ್ಬೊ, ಇಂಜೆಕ್ಟರ್ ಬಿಚ್ಚಿ ಗ್ರೀಸ್ ಹಚ್ಚಿ ಎತ್ತಿಡಿ. ಸಾಲಿನಲ್ಲಿ ಇನ್ನೂ ಎಂಜಿನ್ ಬದಲಾಗದ ಲೋಕೊಗಳು ಇರುತ್ತವೆ. ಅವುಗಳ ಸರದಿ ಬರುವವರೆಗೂ ಅವು ಓಡಬೇಕಲ್ಲ.